ಗಗನಾಳ ಹತ್ತು ಸುತ್ತು

ಸಿದ್ದಾಪುರ
೨೩ ಜೂನ್ ೨೦೨೪

ಗಗನಾ,

ನಾನು ನೇತ್ರಾ. ಹೋದ ಭಾನುವಾರ ಸಿರ್ಸಿಯ ಆಸ್ಪತ್ರೆಯಲ್ಲಿ ನಿನ್ನ ನಂತರ ದಮ್ಮು ಪರೀಕ್ಷೆಯ ಸೈಕಲ್ ಹತ್ತಿದವಳು. ಹಸಿರು ಚೂಡಿದಾರ, ಉಗುರಿನಲ್ಲೆಲ್ಲ ಗ್ರೀಸು. ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ, ಕಾಗದ ಬರಿ ಎಂದು ವಿಳಾಸ ಕೊಟ್ಟವಳು ನೀನೇ. ನನಗೆ ಬರೆದು ಅಭ್ಯಾಸವಿಲ್ಲ. ಪಿಯುಸಿ ಮೊದಲ ವರ್ಷ ಅರ್ಧಕ್ಕೆ ಬಿಟ್ಟ ಮೇಲೆ ಪೆನ್ನು ಹಿಡಿದಿದ್ದರೆ ಅದು ಟ್ಯೂಬಿನ ತೂತಿಗೆ ಗುರುತು ಹಾಕಲು. ಮಾವ ಕೆರಿಯಪ್ಪನ ಸೈಕಲ್ ಅಂಗಡಿಯಲ್ಲಿ ಈಗ ನನ್ನ ಕೆಲಸ. ಕಾಯಿಲೆಯಿಂದ ಕಾಲೇಜು ಬಿಟ್ಟಳು ಎಂದು ಅಮ್ಮ ಊರಿಗೆಲ್ಲ ಹೇಳಿದ್ದಾಳೆ. ಅದು ಸುಳ್ಳು. ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು.

ಸಕ್ಕರೆ ಕಾಯಿಲೆ ನನಗೂ ಚಿಕ್ಕಂದಿನಲ್ಲೇ ಬಂತು, ನಿನಗೂ. ಚುಚ್ಚಿಕೊಳ್ಳುವ ಸೂಜಿ ಇಬ್ಬರಿಗೂ ಒಂದೇ. ಹುಬ್ಬಳ್ಳಿಯಿಂದ ಬಂದ ಡಾಕ್ಟರಮ್ಮ ಅಲ್ಲಿದ್ದ ನಮ್ಮಂಥ ಮಕ್ಕಳಿಗೆಲ್ಲ ಒಂದೇ ಮಾತು ಹೇಳಿದರು: ನಮ್ಮ ಹೃದಯ ರಕ್ತವನ್ನು ಒತ್ತುವುದೇನೋ ಸರಿಯಾಗಿ ಒತ್ತುತ್ತದೆ, ಒತ್ತಿದ ಮೇಲೆ ಸಡಿಲಾಗುವುದು ಕೆಲವರಲ್ಲಿ ತುಸು ನಿಧಾನ, ದಮ್ಮು ಓರಗೆಯ ಮಕ್ಕಳಿಗಿಂತ ಕಡಿಮೆ, ಮೈ ದಣಿಸಿದರೆ ಸುಧಾರಿಸಬಹುದು. ಹಾಗಿದ್ದ ಮೇಲೆ ಮೂಗು ಬಾಯಿಗೆ ಮುಖವಾಡ ಕಟ್ಟಿಕೊಂಡು ನೀನು ಎಲ್ಲರಿಗಿಂತ ಹೆಚ್ಚು ಹೊತ್ತು ತುಳಿದದ್ದು ಹೇಗೆ? ಚಪ್ಪಾಳೆ ಬೇರೆ. ನಾನು ಸೈಕಲ್ ಅಂಗಡಿಯವಳು, ನನ್ನ ಕಾಲು ಸೋತಿತು. ಸೀಟು ನಿನ್ನ ಎತ್ತರಕ್ಕೆ ಏರಿಸಿದ್ದರು, ನನಗೆ ಪೆಡಲು ನೆಟ್ಟಗೆ ಎಟುಕಲಿಲ್ಲ. ಇದು ನೆವವಲ್ಲ. ಸುಳ್ಳೇಕೆ, ಅರ್ಧ ನೆವ.

ಆಮೇಲೆ ಡಾಕ್ಟರಮ್ಮ ನಿನ್ನ ಅಪ್ಪನನ್ನು ಒಳಗೆ ಕರೆದು ಅಷ್ಟು ಹೊತ್ತು ಏನು ಮಾತಾಡಿದರು? ನಿನ್ನನ್ನು ದೊಡ್ಡ ಪಂದ್ಯಕ್ಕೆ ಕಳಿಸುತ್ತಾರಾ? ನನಗೆ ಬಾಗಿಲಲ್ಲೇ ಎರಡು ಮಾತು: ಹೃದಯ ಚೆನ್ನಾಗಿದೆ, ದಮ್ಮಿಲ್ಲ. ನಿನ್ನ ಅಮ್ಮ ಡಬ್ಬಿ ಬಿಚ್ಚಿ ನಿನಗೆ ಇಡ್ಲಿ ಕೊಡುತ್ತಿದ್ದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಬನ್ನು ತಿಂದು ಮನೆಗೆ ಬಂದೆ.

ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಇದೆಯಲ್ಲ. ಆವಾಗ ನಿನ್ನನ್ನು ಸೋಲಿಸುತ್ತೇನೆ. ಹೇಳದೆ ಸೋಲಿಸಿದರೆ ಮೋಸ ಎಂದು ಹೇಳಿದ್ದೇನೆ.

ನೇತ್ರಾ


ಯಲ್ಲಾಪುರ
೭ ಜುಲೈ ೨೦೨೪

ಪ್ರೀತಿಯ ನೇತ್ರಕ್ಕನಿಗೆ,

ನಿಮ್ಮ ಪತ್ರ ಓದಿ ನಗು ಬಂತು. ಹೊಟ್ಟೆಕಿಚ್ಚು ಎಂದು ಯಾರಾದರೂ ಕಾಗದದಲ್ಲಿ ಬರೆಯುತ್ತಾರೆಯೇ?

ಡಾಕ್ಟರಮ್ಮ ಅಪ್ಪನ ಹತ್ತಿರ ಹೇಳಿದ್ದು ಇಷ್ಟೇ: ಮಗಳು ಓಡುವುದನ್ನು ಬಿಡಬಾರದು. ಪಂದ್ಯ ಗಿಂದ್ಯ ಏನಿಲ್ಲ.

ನಮ್ಮ ಶಾಲೆಯ ಮೈದಾನ ದೊಡ್ಡದು. ಒಂದು ಬದಿಗೆ ಮೆಟ್ಟಿಲುಗಳಿವೆ, ಅಲ್ಲಿಂದ ಇಡೀ ಮೈದಾನ ಕಾಣುತ್ತದೆ. ಬೆಳಿಗ್ಗೆ ಎಲ್ಲರೂ ಓಡುತ್ತೇವೆ. ಪ್ರತಿಭಾ ಎನ್ನುವವಳು ತಿರುವಿನಲ್ಲಿ ಯಾವಾಗಲೂ ಎಡಗೈ ಅಗಲಿಸುತ್ತಾಳೆ, ಹಕ್ಕಿ ಇಳಿದ ಹಾಗೆ. ಉಲ್ಲಾಸ ಸರ್ ಸೀಟಿ ಊದಿದ ಕೂಡಲೇ ಕಾಗೆಗಳು ಎದ್ದು ಮತ್ತೆ ಅಲ್ಲೇ ಕೂರುತ್ತವೆ. ನಾನು ಈಗ ಹತ್ತು ಸುತ್ತು ಓಡುತ್ತೇನೆ.

ಒಂದು ಕೇಳಲೇ? ನೀವು ಸೈಕಲ್ಲಿನಲ್ಲಿ ಏರು ಹತ್ತುವಾಗ ಎದೆಬಡಿತ ಕಿವಿಗೆ ಕೇಳುತ್ತದೆಯೇ? ಕೇಳಿದರೆ ಹೆದರಿಕೆಯಾಗುವುದಿಲ್ಲವೇ? ಆಸ್ಪತ್ರೆಗೂ ಒಬ್ಬರೇ ಬಂದಿದ್ದಿರಿ, ಎಲ್ಲಿಗೆ ಹೊರಟೆ ಎಂದು ಮನೆಯಲ್ಲಿ ಯಾರೂ ಕೇಳುವುದೇ ಇಲ್ಲವೇ?

ನಿಮ್ಮ,
ಗಗನಾ


ಸಿದ್ದಾಪುರ
೨೧ ಜುಲೈ ೨೦೨೪

ಗಗನಾ,

ಹತ್ತು ಸುತ್ತು! ಓದಿದ ದಿನ ನಮ್ಮ ಗಿರಾಕಿ ರಾಯರ ಮಗನ ಸೈಕಲ್ಲಿಗೆ ಬ್ರೇಕ್ ಉಲ್ಟಾ ಜೋಡಿಸಿದೆ. ಮಾವ ಬೈದ.

ಈಗ ನಾನೂ ಶುರು ಮಾಡಿದ್ದೇನೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ದೊಡ್ಮನೆ ರಸ್ತೆಯಲ್ಲಿ ಹೋಗಿ ಬರುತ್ತೇನೆ. ರಿಪೇರಿಗೆ ಬಂದ ಸೈಕಲ್ಲುಗಳೇ ನನಗೆ ಗತಿ. ನಿನ್ನೆ ಮಾವ ಬಾಗಿಲಲ್ಲೇ ಕಾದಿದ್ದ.

"ಎಂಥದ್ದೇ ಇದು? ಗಿರಾಕಿ ಬಂದು ಸೈಕಲ್ ಎಲ್ಲಿ ಅಂದ್ರೆ, ದೊಡ್ಮನೆಗೆ ಗಾಳಿ ತಗಳ್ಳಕ್ಕೆ ಹೋಗ್ಯದೆ ಅನ್ಲಾ?"

"ರಿಪೇರಿ ಸರಿ ಆಗ್ಯದಾ ನೋಡ್ಬೇಕಲ ಮಾವ."

"ಪಂಚರ್ ತೆಗ್ದಿದ್ದಕ್ಕೆ ಯಾರಾದ್ರೂ ಘಟ್ಟ ಹತ್ತಿ ನೋಡ್ತಾರನೇ?"

ನೀನು ಕೇಳಿದ್ದಕ್ಕೆ ಉತ್ತರ. ಎದೆಬಡಿತ ಕೇಳುತ್ತದೆ. ಹೆದರಿಕೆಯಿಲ್ಲ, ಎಂಜಿನ್ ಓಡುತ್ತಿದೆ ಎಂದು ಖುಷಿ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಪ್ಪ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಇಲ್ಲ. ಅಮ್ಮ ನಾನು ಏಳುವ ಮೊದಲೇ ಕ್ಯಾಂಟೀನಿಗೆ ಅಡುಗೆಗೆ ಹೋಗಿರುತ್ತಾಳೆ.

ನಾನು ಹೊರಡುವಾಗ ಬಾಳೆಹಣ್ಣು ತಿನ್ನುತ್ತೇನೆ, ಇನ್ಸುಲಿನ್ ಕಡಿಮೆ ಚುಚ್ಚಿಕೊಳ್ಳುತ್ತೇನೆ, ಕಿಸೆಯಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಳ್ಳುತ್ತೇನೆ. ಆದರೂ ನಡುವೆ ಇಳಿದು ಯಾರದೋ ಗದ್ದೆಯ ಬದುವಿನಲ್ಲಿ ಕೂತು ಬೆರಳು ಚುಚ್ಚಿ ನೋಡಬೇಕು. ನಿನಗೆ ಆ ತಾಪತ್ರಯವಿಲ್ಲ, ತೋಳಿಗೆ ಸೆನ್ಸರ್ ಅಂಟಿಸಿದ್ದಾರೆ, ಯಂತ್ರ ಹಿಡಿದರೆ ಸಕ್ಕರೆಯ ಗೆರೆ ಕಾಣುತ್ತದೆ. ಅದರ ಮೇಲೂ ನನಗೆ ಕಣ್ಣು. ಓಡುವ ದಿನ ನೀನು ಏನು ತಿನ್ನುತ್ತೀಯ, ಎಷ್ಟು ಚುಚ್ಚಿಕೊಳ್ಳುತ್ತೀಯ? ಮುಚ್ಚಿಡದೆ ಬರಿ.

ನೇತ್ರಾ


ಯಲ್ಲಾಪುರ
೪ ಆಗಸ್ಟ್ ೨೦೨೪

ಪ್ರೀತಿಯ ನೇತ್ರಕ್ಕನಿಗೆ,

ಓಡುವ ಮೊದಲು ನಾನು ಏನೂ ತಿನ್ನುವುದಿಲ್ಲ. ಇನ್ಸುಲಿನ್ ಕಡಿಮೆ ಮಾಡುವುದಿಲ್ಲ. ಗೆರೆ ನೇರವಾಗಿಯೇ ಇರುತ್ತದೆ, ಮೇಜಿನ ಅಂಚಿನ ಹಾಗೆ. ಭಾನುವಾರ ಬಂದಾಗ ಅಪ್ಪ ಅದನ್ನು ನೋಡಿ ತುಂಬ ಸಂತೋಷಪಡುತ್ತಾರೆ.

ಮೊನ್ನೆ ಹತ್ತನೇ ಸುತ್ತಿನಲ್ಲಿ ಪ್ರತಿಭಾಳನ್ನು ಹಿಂದೆ ಹಾಕಿದೆ. ಅವಳ ಮುಖ ನೋಡಬೇಕಿತ್ತು.

ನೀವು ಸೈಕಲ್ ಇಳಿದು ಯಾರದೋ ಗದ್ದೆಯ ಬದುವಿನಲ್ಲಿ ಒಬ್ಬರೇ ಕೂರುತ್ತೀರಲ್ಲ, ಅದನ್ನು ಸ್ವಲ್ಪ ಹೆಚ್ಚು ಬರೆಯಿರಿ. ಏನು ಕಾಣುತ್ತದೆ, ಯಾರು ಮಾತಾಡಿಸುತ್ತಾರೆ. ಇಲ್ಲಿ ಹೇಳಲು ಹೊಸತೇನಿಲ್ಲ.

ಗಗನಾ


ಸಿದ್ದಾಪುರ
೧ ಸೆಪ್ಟೆಂಬರ್ ೨೦೨೪

ಗಗನಾ,

ಯಾರು ಮಾತಾಡಿಸುತ್ತಾರೆ ಎಂದು ಕೇಳಿದ್ದೆಯಲ್ಲ, ಚೌಡಮ್ಮ ಎನ್ನುವವರು ಮಾತಾಡಿಸಿದರು. ನಾನು ಚರಂಡಿಯಲ್ಲಿ ಬಿದ್ದಿದ್ದೆ.

ನಿನ್ನ ಕಾಗದ ಓದಿ ನನಗೆ ನನ್ನ ಬಾಳೆಹಣ್ಣಿನ ಮೇಲೆ ನಾಚಿಕೆಯಾಯಿತು. ಗಗನಾ ಬರಿಹೊಟ್ಟೆಯಲ್ಲಿ ಹತ್ತು ಸುತ್ತು ಓಡುತ್ತಾಳೆ, ನಾನು ಮುದುಕಿಯ ಹಾಗೆ ಕಿಸೆಯಲ್ಲಿ ಪುಡಿ ಕಟ್ಟಿಕೊಂಡು ಹೋಗುತ್ತೇನೆ ಎನಿಸಿತು. ಹೋದ ಸೋಮವಾರ ಹಣ್ಣು ಬಿಟ್ಟೆ, ಪುಡಿ ಬಿಟ್ಟೆ. ಬಂದ ಕೂಡಲೇ ಅಂಗಡಿ ತೆರೆಯಬೇಕು ಎಂದು ತಿಂಡಿಯ ಇನ್ಸುಲಿನ್ನನ್ನು ಮೊದಲೇ ಚುಚ್ಚಿಕೊಂಡೆ, ಪೂರ್ತಿ. ಅದೂ ತೊಡೆಗೆ. ತುಳಿಯುವ ಕಾಲಿಗೆ ಚುಚ್ಚಿದರೆ ಔಷಧಿ ಬೇಗ ಏರಬಹುದು ಎಂದು ನರ್ಸಕ್ಕ ಹಿಂದೊಮ್ಮೆ ಹೇಳಿದ್ದು ಬಿದ್ದ ಮೇಲೆ ನೆನಪಾಯಿತು.

ಏರಿನಲ್ಲಿ ಕೈ ನಡುಗಿತು. ಬೆವರು ತಣ್ಣಗಾಯಿತು. ಇಳಿಯಬೇಕು ಎಂದುಕೊಂಡೆ. ಗಗನಾ ಈಗ ಎಂಟನೇ ಸುತ್ತಿನಲ್ಲಿರುತ್ತಾಳೆ ಎಂದು ಇಳಿಯಲಿಲ್ಲ. ಆಮೇಲೆ ಹ್ಯಾಂಡಲ್ ಎತ್ತ ತಿರುಗಿತೋ ಗೊತ್ತಿಲ್ಲ.

ಕಣ್ಣು ಬಿಟ್ಟರೆ ಡೈರಿಗೆ ಹಾಲು ಒಯ್ಯುತ್ತಿದ್ದ ಹೆಂಗಸು ಸೊಂಟಕ್ಕೆ ಕೈ ಇಟ್ಟು ನಿಂತಿದ್ದಾರೆ. "ಬೆಳಗಾಗಾಕಿಲ್ಲ, ಹೆಣ್ ಹುಡ್ಗಿ ಆಗಿ ಕುಡ್ಕಂಡು ಬಿದ್ದಿದೀಯಲ್ಲೇ! ಯಾರ ಮನೇದೇ ನೀನು?" ಸಕ್ಕರೆ ಎನ್ನಬೇಕು, ನಾಲಿಗೆ ಹೊರಳಲಿಲ್ಲ. ಅವರು ಬೈಯುತ್ತಲೇ ನನ್ನನ್ನು ಜಗುಲಿಗೆ ಎಳೆದು ತಂದರು. ಬೈಸಿಕೊಂಡವರನ್ನಾದರೂ ಮನೆಗೆ ಬಂದ ಮೇಲೆ ಬರಿಗೈಯಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಬೆಲ್ಲ ನೀರು ತಂದಿಟ್ಟರು. ನಾನು ನೀರು ಮುಟ್ಟಲಿಲ್ಲ, ಬೆಲ್ಲದ ಅಚ್ಚನ್ನೇ ಕಡಿದೆ. ಒಂದು ಮುಗಿಸಿ ಕೈ ಚಾಚಿದೆ. "ಕುಡ್ದೋರು ಉಪ್ಪಿನಕಾಯಿ ಕೇಳದು ನೋಡಿದೀನಿ, ಬೆಲ್ಲ ಕೇಳದು ಇದೇ ಮೊದ್ಲು" ಎಂದರು. ಬಾಯಿ ಬಂದ ಮೇಲೆ ಕಾಯಿಲೆ ಹೇಳಿದೆ. ಆಮೇಲೆ ಅವರು ಬೈದದ್ದು ನಮ್ಮ ಅಮ್ಮನನ್ನು. ಒಬ್ಬಳನ್ನೇ ಬಿಟ್ಟಿದ್ದಕ್ಕೆ.

ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಮತ್ತೆ ಕ್ಯಾಂಟೀನಿಗೆ ಹೋದಳು. ಹೋಗದೆ ಹೇಗೆ?

ಈಗ ಹೇಳು. ನಾನು ಮಾಡಿದ್ದು ನೀನು ಮಾಡುವುದನ್ನೇ. ನಿನ್ನ ಗೆರೆ ಯಾಕೆ ಬೀಳುವುದಿಲ್ಲ? ದೇವರು ನಿನಗೆ ಮಾತ್ರ ಬೇರೆ ಮೈ ಕೊಟ್ಟಿದ್ದಾನಾ?

ನೇತ್ರಾ


ಯಲ್ಲಾಪುರ
೧೦ ಸೆಪ್ಟೆಂಬರ್ ೨೦೨೪

ನೇತ್ರಕ್ಕ,

ದಯವಿಟ್ಟು ಇನ್ನು ಹಾಗೆ ಮಾಡಬೇಡಿ. ತಿಂದು ಹೋಗಿ. ಪುಡಿ ಬಿಡಬೇಡಿ. ನನ್ನ ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ನನ್ನ ಮೈ ಬೇರೆ, ನಿಮ್ಮ ಮೈ ಬೇರೆ.

ಶಾಲೆಯ ಪರೀಕ್ಷೆ ಹತ್ತಿರ ಬಂತು. ಕೆಲವು ದಿನ ಕಾಗದ ಬೇಡ.

ಗಗನಾ


ಸಿದ್ದಾಪುರ
೨೯ ಸೆಪ್ಟೆಂಬರ್ ೨೦೨೪

ಗಗನಾ,

ಹದಿನೈದು ದಿನ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

"ನನ್ನ ಮೈ ಬೇರೆ." ಎಷ್ಟು ಸೊಕ್ಕಿನ ಮಾತು! ಚರಂಡಿಯಲ್ಲಿ ಬಿದ್ದವಳಿಗೆ ಹೇಗಿದ್ದೀಯ ಎಂದು ಒಂದು ಸಾಲಿಲ್ಲ. ನಾನು ನಿನ್ನ ಹತ್ತಿರಕ್ಕೆ ಬರುತ್ತಿದ್ದೇನೆ, ಅದು ನಿನಗೆ ತಡೆಯುತ್ತಿಲ್ಲ. ನೀನೂ ನನ್ನ ಹಾಗೆ ಹೊಟ್ಟೆಕಿಚ್ಚಿನವಳೇ, ಹೇಳಲು ಧೈರ್ಯವಿಲ್ಲ, ಅಷ್ಟೇ.

ನಾನು ನಿಲ್ಲಿಸಿಲ್ಲ. ಬಾಳೆಹಣ್ಣು ತಿಂದು, ನಡುವೆ ಬೆರಳು ಚುಚ್ಚಿ, ಚೌಡಮ್ಮನವರ ಜಗುಲಿಯ ತನಕ ಹೋಗಿ ಬರುತ್ತೇನೆ. ಈಗ ಏರು ಮುಗಿದರೂ ಇಳಿಯಬೇಕು ಎನಿಸುವುದಿಲ್ಲ.

ಮುಂದಿನ ಭಾನುವಾರ ಯಲ್ಲಾಪುರಕ್ಕೆ ಬರುತ್ತೇನೆ. ನಿನ್ನ ಮೈದಾನದಲ್ಲೇ ಓಡೋಣ, ನೀನು ಹತ್ತು, ನಾನು ಆದಷ್ಟು. ಶೂ ಹಾಕಿಕೊಂಡು ನಿಂತಿರು.

ನೇತ್ರಾ


ಸಿದ್ದಾಪುರ
೭ ಅಕ್ಟೋಬರ್ ೨೦೨೪

ಗಗನಾ,

ನಿನ್ನೆ ಬಂದಿದ್ದೆ. ನೀನು ನೋಡಲಿಲ್ಲ, ನಾನು ನೋಡಿದೆ.

ಮೊದಲ ಬಸ್ಸು ಹಿಡಿದಿದ್ದರಿಂದ ಬೇಗ ಮುಟ್ಟಿದೆ. ಗೇಟಿನವನು ಒಳಗೆ ಬಿಡದೆ ಹೊರಗೇ ನಿಲ್ಲಿಸಿದ. ಅಲ್ಲಿಂದ ಮೈದಾನ ಕಾಣುತ್ತದೆ. ಹುಡುಗಿಯರು ಓಡುತ್ತಿದ್ದರು. ಒಬ್ಬಳು ತಿರುವಿನಲ್ಲಿ ಎಡಗೈ ಅಗಲಿಸಿದಳು, ನೀನು ಬರೆದಂತೆಯೇ. ಸರ್ ಸೀಟಿ ಊದಿದರು, ಕಾಗೆ ಎದ್ದವು, ಕೂತವು. ಎಲ್ಲ ನಿಜ. ನೀನು ಮಾತ್ರ ಮೆಟ್ಟಿಲ ಮೇಲೆ ಕೂತಿದ್ದೆ. ಸ್ವೆಟರ್ ಹಾಕಿಕೊಂಡು, ಕಾಲ ಬಳಿ ಎಲ್ಲರ ನೀರಿನ ಬಾಟಲಿ ಸಾಲಾಗಿ ಇಟ್ಟುಕೊಂಡು.

ಕಾಲು ಉಳುಕಿರಬೇಕು ಎಂದುಕೊಂಡೆ. ಎಡಗೈಯವಳು ಗೇಟಿನ ಹತ್ತಿರ ಬಂದಾಗ ಕೇಳಿದೆ.

"ಗಗನಾ ಯಾಕೆ ಇವತ್ತು ಓಡ್ತಿಲ್ಲ?"

"ಇವತ್ತಾ? ಅವಳು ಜೂನ್‌ನಿಂದ ಓಡ್ಲೇ ಇಲ್ಲಲ್ಲ. ಅವಳಪ್ಪ ಹೆಡ್‌ಮಾಸ್ಟ್ರಿಗೆ ಹೇಳಿಟ್ಟಿದಾರೆ, ಹಾರ್ಟಿನ ತೊಂದ್ರೆ ಅಂತ. ನಮ್ ಬಾಟ್ಲಿ ಕಾಯೂದೇ ಅವಳ ಡ್ಯೂಟಿ. ನೀವ್ಯಾರು?"

"ಯಾರೂ ಅಲ್ಲ" ಎಂದು ಮುಂದಿನ ಬಸ್ಸಿಗೆ ಹಿಂದೆ ಬಂದೆ.

ಗೆರೆ ನೇರವಾಗಿರದೆ ಇನ್ನೇನು? ಕೂತವರ ಗೆರೆ ನೇರವಾಗಿಯೇ ಇರುತ್ತದೆ. ನಾನು ಒಬ್ಬಳು ಕೂತವಳ ಹಿಂದೆ ಓಡಿ ಚರಂಡಿಗೆ ಬಿದ್ದೆ. ಅದೃಷ್ಟಕ್ಕೆ ಆ ಮನೆಯಲ್ಲಿ ಬೆಲ್ಲವಿತ್ತು.

ಇದನ್ನು ಬರೆಯಲು ನಿನಗೆ ಹೇಗೆ ಮನಸ್ಸಾಯಿತು?

ನೇತ್ರಾ


ಯಲ್ಲಾಪುರ
೧೩ ಅಕ್ಟೋಬರ್ ೨೦೨೪

ನೇತ್ರಾ,

ಹೇಗೆ ಮನಸ್ಸಾಯಿತು ಎಂದರೆ ಹೀಗೆ.

ಆ ದಿನ ಸೈಕಲ್ ತುಳಿದು ಇಳಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಜೀವನದಲ್ಲಿ ಮೊದಲ ಸಲ. ಅರ್ಧ ಗಂಟೆಯ ಮೇಲೆ ಅಪ್ಪ ಹೊರಗೆ ಬಂದಾಗ ಅವರ ಮುಖ ಬೇರೆಯಾಗಿತ್ತು. ನನ್ನ ಹೃದಯ ಸಡಿಲಾಗುವುದು ತುಸು ನಿಧಾನ ಎಂದು ಸ್ಕ್ಯಾನಿನ ಚಿತ್ರದಲ್ಲಿ ಕಂಡಿತ್ತಂತೆ. ಇದು ಕಾಯಿಲೆಯಲ್ಲ, ಹೆದರಬೇಡಿ, ಓಡಿಸಿ, ಓಡಿದರೆ ಒಳ್ಳೆಯದು ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು. ಅಪ್ಪನಿಗೆ ಕೇಳಿದ್ದು ಹೃದಯ ಎನ್ನುವುದೊಂದೇ. ನಮ್ಮ ಚಿಕ್ಕಪ್ಪ ಮದುವೆಮನೆಯಲ್ಲಿ ಬಡಿಸುತ್ತಿದ್ದವರು ಹೃದಯ ನಿಂತು ಪಂಕ್ತಿಯ ನಡುವೆ ಬಿದ್ದು ಹೋದರು. ಅವರನ್ನು ಎತ್ತಿದ್ದು ಅಪ್ಪ. ನನ್ನ ಪರೀಕ್ಷೆಯ ಮರುದಿನವೇ ಅಪ್ಪ ಶಾಲೆಗೆ ಬಂದು, ನನ್ನನ್ನು ಓಡಿಸಬೇಡಿ ಎಂದು ಹೇಳಿ ಹೋದರು.

ಆಮೇಲೆ ನಿನ್ನ ಕಾಗದ ಬಂತು. ಹೃದಯ ಚೆನ್ನಾಗಿದೆ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು ಎಂದು ನೀನು ಗೊಣಗಿದ್ದೆ. ಎರಡು ಮಾತು! ಆ ಎರಡು ಮಾತಿಗೆ ನಾನು ಏನು ಬೇಕಾದರೂ ಕೊಡುತ್ತಿದ್ದೆ. ನೀನು ಬೇರೆಯವರ ಸೈಕಲ್ ಹತ್ತಿ ಘಟ್ಟಕ್ಕೆ ಹೋಗುತ್ತೀಯ. ಬಿದ್ದರೂ ಯಾರ ಮನೆಯದೆಂದು ಕೇಳುವವರು ಹಾದಿಯಲ್ಲಿ ಸಿಗಬೇಕು. ನನ್ನ ಇಡ್ಲಿಯನ್ನೂ ಎಣಿಸುತ್ತಾರೆ. ಮೆಟ್ಟಿಲು ಹತ್ತಿದರೆ ಮೆಲ್ಲಗೆ ಎನ್ನುತ್ತಾರೆ. ನಕ್ಕರೆ ಸಾಕು ಎನ್ನುತ್ತಾರೆ. ಹೊಟ್ಟೆಕಿಚ್ಚು ಎಂದು ಬರೆಯುವ ಸ್ವಾತಂತ್ರ್ಯ ಕೂಡ ನಿನಗಿದೆ. ನಾನು ಅದನ್ನು ಬರೆದರೆ ಅಮ್ಮ ಅಳುತ್ತಾರೆ.

ಹತ್ತು ಸುತ್ತು ಎಂದು ಬರೆದಾಗ ಹತ್ತು ಸುತ್ತು ಓಡಿದ ಹಾಗಾಯಿತು. ನೀನು ನಂಬಿದೆ. ಒಬ್ಬಳಾದರೂ ನನ್ನನ್ನು ಕಂಡು ಕರುಬುತ್ತಿದ್ದಾಳೆ ಎನ್ನುವುದು ಎಷ್ಟು ಚೆನ್ನಾಗಿತ್ತು ಗೊತ್ತೇ? ನೀನು ಬಿದ್ದ ಕಾಗದ ಬಂದ ಮೇಲೆ ನಾನು ಊಟ ಮಾಡಲಿಲ್ಲ. ಊಟ ಬಿಟ್ಟಿದ್ದಕ್ಕೆ ಅಪ್ಪನಿಗೆ ಫೋನು ಹೋಯಿತು.

ಡಿಸೆಂಬರಿನ ಪರೀಕ್ಷೆಗೆ ನನ್ನನ್ನು ಕಳಿಸುವುದಿಲ್ಲವಂತೆ. ನೀನು ಗೆದ್ದೆ. ಅಪ್ಪನಿಗೆ ಮಾತ್ರ ಏನೂ ಹೇಳಬೇಡ. ಓಡುವ ಆಸೆಯಿದೆ ಎಂದು ಗೊತ್ತಾದರೆ ಹಾಸ್ಟೆಲ್ ಬಿಡಿಸಿ ಮನೆಗೆ ಕರೆದುಕೊಂಡು ಹೋಗುತ್ತಾರೆ. ಆಗ ಮೆಟ್ಟಿಲೂ ಇಲ್ಲ.

ಗಗನಾ


ಸಿದ್ದಾಪುರ
೨೭ ಅಕ್ಟೋಬರ್ ೨೦೨೪

ಗಗನಾ,

ಅಕ್ಕ ಎನ್ನುವುದನ್ನು ಬಿಟ್ಟೆ, ಒಳ್ಳೆಯದಾಯಿತು. ಆ ಅಕ್ಕನ ಕಾಗದಗಳಿಗಿಂತ ಇದು ಮೇಲು.

ಹೇಳಬೇಡ ಎಂದಿದ್ದೆ. ಹೇಳಿದ್ದೇನೆ. ಇವತ್ತು ನಿನ್ನೂರು ಭೈರುಂಬೆಗೆ ಹೋಗಿ ನಿನ್ನ ಮನೆ ಹುಡುಕಿದೆ; ಊರಿನ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿ ಓದಿದ್ದೆ. ಕೂತವಳನ್ನು ಗೆದ್ದು ನಾನೇನು ಮಾಡಲಿ? ಮೂರು ತಿಂಗಳು ತುಳಿದದ್ದು ಖಾಲಿ ಸೈಕಲ್ಲಿನ ಜೊತೆ ಪಂದ್ಯ ಕಟ್ಟಲಿಕ್ಕಲ್ಲ.

ನಿನ್ನ ಅಮ್ಮ ಸೀತಕ್ಕನವರು ಬಾಗಿಲಲ್ಲೇ ಗುರುತು ಹಿಡಿದು ನಾನು ಬಂದೆನೆಂದು ಒಳಗೆ ಕೂಗಿದರು. "ಇಲ್ನೋಡಿ, ಗಗನಂಗೆ ಕಾಗ್ದ ಬರೆತಲ, ಆ ಕೂಸು ಬೈಂದು." ನನ್ನ ಕಡೆ ತಿರುಗಿ, "ಕುಡೀಲಿಕ್ಕೆ ಎಂತ ಕೊಡ್ಲೇ ತಂಗಿ? ಸಕ್ರೆ ಹಾಕಿದ್ದು ಬ್ಯಾಡ ಅಲ್ದಾ?" ಎಂದರು. ಮಜ್ಜಿಗೆ ಕೊಟ್ಟರು. ಅದರ ಜೊತೆ ಉಪ್ಪಿಟ್ಟು. ತಿನ್ನುವ ಮೊದಲೇ ಚುಚ್ಚಿಕೊಂಡೆಯಾ ಎಂದೂ ಕೇಳಿದರು. ಅದನ್ನು ಈವರೆಗೆ ನನ್ನನ್ನು ಯಾರೂ ಕೇಳಿದ್ದಿಲ್ಲ. ಅಲ್ಲೇ ಇದ್ದುಬಿಡಬೇಕು ಎನಿಸಿತು. ನಿನಗೆ ಅದು ಉಸಿರುಗಟ್ಟುತ್ತದೆ. ಅದಲು ಬದಲು ಮಾಡಿಕೊಳ್ಳೋಣ, ನಾನು ತಯಾರು.

ನಿನ್ನ ಅಪ್ಪ ಬಂದರು. ನಾನು ಸುತ್ತಿ ಬಳಸಲಿಲ್ಲ. ಗಗನಾ ಓಡುತ್ತೇನೆ ಎಂದು ಸುಳ್ಳು ಬರೆದಳು, ನಾನು ನಂಬಿ ಬಿದ್ದೆ ಎಂದು ಎಲ್ಲ ಹೇಳಿದೆ. ಮೊಣಕೈಯ ಕಲೆ ತೋರಿಸಿದೆ.

"ನೀನು ಇಲ್ಲಿಗೆ ಬಂದಿದ್ದು ಮನೇಲಿ ಗೊತ್ತಾ?" ಎಂದರು.

"ಇಲ್ಲ."

"ನಿಂಗೆ ಹೇಳೂರು ಕೇಳೂರು ಯಾರೂ ಇಲ್ವನೇ?"

"ಇಲ್ಲ. ನನ್ನ ತೊಂದ್ರೆ ಅದೇ. ಗಗನಂಗೆ ಅಂಥೋರು ಜಾಸ್ತಿ ಆಗಿದಾರೆ."

ನಿನ್ನ ಅಮ್ಮ ಸೆರಗು ಬಾಯಿಗೆ ಹಿಡಿದರು. ನಕ್ಕರೋ ಅತ್ತರೋ ಗೊತ್ತಾಗಲಿಲ್ಲ.

ನಿನ್ನ ಅಪ್ಪ ಎದ್ದು ಕಿಟಕಿಯ ಹತ್ತಿರ ಹೋದರು. "ನಿಂಗೆ ಗೊತ್ತಿಲ್ಲ. ನನ್ನ ತಮ್ಮನ ಕೈಯ್ಯಲ್ಲಿ ಸಾರಿನ ಸೌಟು ಹಾಂಗೇ ಇತ್ತು."

ನಾನು ಇದ್ದದ್ದನ್ನೇ ಹೇಳಿದೆ. "ನಂಗೆ ಗೊತ್ತಿಲ್ಲ. ಡಾಕ್ಟರಮ್ಮಂಗೆ ಗೊತ್ತು. ಅವರು ಓಡ್ಸಿ ಅಂದ್ರೆ ನೀವು ಕೂರ್ಸಿದ್ರಿ. ಕೂರ್ಸಿದ್ರೆ ಹೃದಯ ಗಟ್ಟಿ ಆಗ್ತದೆ ಅಂತ ಯಾರು ಹೇಳಿದ್ರು?"

ನಾನು ಹೊರಡುವಾಗ ಅವರು ಬಸ್ಸಿನ ತನಕ ಬಂದು ನಿಂತರು. ಬಸ್ಸು ಬಂದಾಗ ಒಂದೇ ಮಾತು: "ಆ ಡಾಕ್ಟರ ನಂಬರ್ ಇದ್ದನೇ ನಿನ್ನತ್ರ?"

ಕೊಟ್ಟು ಬಂದಿದ್ದೇನೆ. ಬೈಯುವುದಿದ್ದರೆ ಬೈ.

ನೇತ್ರಾ


ಯಲ್ಲಾಪುರ
೧೭ ನವೆಂಬರ್ ೨೦೨೪

ನೇತ್ರಾ,

ಬೈಯುತ್ತೇನೆ. ನನ್ನ ಮನೆಗೆ ಹೋಗಿ, ನನ್ನ ಅಮ್ಮನ ಉಪ್ಪಿಟ್ಟು ತಿಂದು, ನನ್ನ ಸುಳ್ಳನ್ನು ಅಪ್ಪನ ಮುಂದೆ ಹರಡಿದೆ. ಅಪ್ಪ ಇಲ್ಲಿಗೆ ಬಂದು ನಾನು ಕೂರುವ ಮೆಟ್ಟಿಲ ಮೇಲೆ ಕೂತರು. ಆಮೇಲೆ "ಯನ್ನತ್ರ ಹೇಳಲಾಗ್ತಿತ್ತಿಲ್ಯ?" ಎಂದರು. ಹೇಳಲಾಗುತ್ತಿರಲಿಲ್ಲ ಎಂದೆ. ಅದು ನಿನ್ನಿಂದ ಕಲಿತದ್ದು.

ನಾವು ಹುಬ್ಬಳ್ಳಿಗೆ ಹೋಗಿ ಬಂದೆವು. ಡಾಕ್ಟರಮ್ಮ ಅದನ್ನೇ ನಾಲ್ಕನೇ ಸಲ ಹೇಳಿದರು. ಈ ಸಲ ಅಪ್ಪ ಕೇಳಿಸಿಕೊಂಡರು. ಪರೀಕ್ಷೆಗೆ ಬರುತ್ತೇನೆ. ಅದಕ್ಕೆ ಮೊದಲು ಓಡಿಸುವ ಧೈರ್ಯ ಅವರಿಗೆ ಬಂದಿಲ್ಲ. ಹಾಗಾಗಿ ಸೋಲುತ್ತೇನೆ. ನಿನಗೆ ಸಂತೋಷವಾಗಲಿ.

ಗಗನಾ


ಸಿದ್ದಾಪುರ
೧೬ ಡಿಸೆಂಬರ್ ೨೦೨೪

ಗಗನಾ,

ನಿನ್ನೆ ಆಸ್ಪತ್ರೆಯಲ್ಲಿ ನೀನು ಮಾತಾಡಿಸದೆ ಹೋದೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಗೆದ್ದೆ. ಜೂನಿನಲ್ಲಿ ನೀನು ತುಳಿದಿದ್ದಕ್ಕಿಂತಲೂ ಹೆಚ್ಚು ಹೊತ್ತು ತುಳಿದೆ. ಡಾಕ್ಟರಮ್ಮ ಚಪ್ಪಾಳೆ ಹೊಡೆದರು, ನನಗೆ. ಇಳಿದ ಕೂಡಲೇ ಯಾರಿಗೆ ಹೇಳಲಿ ಎಂದು ಸುತ್ತ ನೋಡಿದೆ. ಬೆಂಚಿನ ಮೇಲೆ ಬೇರೆಯವರ ಅಪ್ಪಂದಿರು ಕೂತಿದ್ದರು.

ಆಮೇಲೆ ನೀನು ಹತ್ತಿದೆ. ಅಷ್ಟು ಬೇಗ ನಿಲ್ಲಿಸುತ್ತೀಯ ಎಂದು ನಾನು ಎಣಿಸಿರಲಿಲ್ಲ. ಮುಖವಾಡ ತೆಗೆದಾಗ ನಿನ್ನ ತುಟಿ ನಡುಗುತ್ತಿತ್ತು. ಐದು ತಿಂಗಳು ಇದೇ ಬೇಕು ಎಂದು ಬೇಡಿಕೊಂಡಿದ್ದೆ. ಕಣ್ಣೆದುರು ಆದಾಗ ರುಚಿ ಹತ್ತಲಿಲ್ಲ. ಸ್ವಲ್ಪ ಹತ್ತಿತು. ಸುಳ್ಳು ಹೇಳುವುದಿಲ್ಲ.

ನಿನ್ನ ಹೃದಯ ಜೂನಿನಲ್ಲಿದ್ದ ಹಾಗೇ ಇದೆ, ಕೆಟ್ಟಿಲ್ಲ, ದಮ್ಮು ಮಾತ್ರ ಕೂತು ಕೂತು ಹೋಗಿದೆ ಎಂದು ಡಾಕ್ಟರಮ್ಮ ನಿನ್ನ ಅಪ್ಪನಿಗೆ ಹೇಳುವಾಗ ನಾನು ಬಾಗಿಲಲ್ಲೇ ಇದ್ದೆ. ಅವರು ನಿನ್ನ ತಲೆಯ ಮೇಲೆ ಕೈ ಇಟ್ಟರು. ಸೋತವಳ ತಲೆಯ ಮೇಲೆ ಕೈ. ಗೆದ್ದವಳು ಅದನ್ನು ನೋಡುತ್ತ ನಿಂತಿದ್ದಳು.

ನೇತ್ರಾ


ಯಲ್ಲಾಪುರ
೫ ಜನವರಿ ೨೦೨೫

ನೇತ್ರಾ,

ಓಡಿದೆ. ಇವತ್ತು, ನಿಜವಾಗಿ. ಎರಡು ಸುತ್ತು. ಎರಡನೆಯದರ ಕೊನೆಗೆ ನಡೆದೆ, ಆದ್ದರಿಂದ ಒಂದೂ ಮುಕ್ಕಾಲು ಎಂದು ಬರೆದುಕೋ. ಪ್ರತಿಭಾ ನನ್ನನ್ನು ಎರಡು ಸಲ ದಾಟಿದಳು, ಎರಡು ಸಲವೂ ಕೈ ಅಗಲಿಸಿ. ಮೊದಲೇ ಬಿಸ್ಕತ್ತು ತಿಂದಿದ್ದೆ, ಆದರೂ ಗೆರೆ ಇಳಿಯಿತು. ಕೂತು ಬೆಲ್ಲ ತಿಂದೆ. ಎದೆಬಡಿತ ಕಿವಿಗೆ ಕೇಳಿತು. ಹೆದರಿಕೆಯಾಯಿತು. ನಿನ್ನ ಹಾಗೆ ಖುಷಿಯೇನೂ ಆಗಲಿಲ್ಲ.

ಅಪ್ಪ ಬೆಳಿಗ್ಗೆಯೇ ಬಂದು ಮೈದಾನದ ಅಂಚಿನಲ್ಲಿ ನಿಂತಿದ್ದರು, ಹೆಗಲ ಮೇಲೆ ಟವೆಲ್ ಹಾಕಿಕೊಂಡು. ನಾನು ಹತ್ತಿರ ಬಂದಾಗ ಕಣ್ಣು ಮುಚ್ಚುತ್ತಿದ್ದರು, ದಾಟಿದ ಮೇಲೆ ಬಿಡುತ್ತಿದ್ದರು. ನಾಚಿಕೆಯಾಯಿತು. ಎಲ್ಲರೂ ನೋಡುತ್ತಿದ್ದರು. ಇನ್ನು ಪ್ರತಿ ಭಾನುವಾರ ಬರುತ್ತಾರಂತೆ.

ಮುಂದಿನ ಜೂನಿನಲ್ಲಿ ನಿನ್ನನ್ನು ಸೋಲಿಸುತ್ತೇನೆ. ನನಗೂ ಹೊಟ್ಟೆಕಿಚ್ಚು.

ಗಗನಾ


ಸಿದ್ದಾಪುರ
೧೨ ಜನವರಿ ೨೦೨೫

ಗಗನಾ,

ಒಂದೂ ಮುಕ್ಕಾಲಿಗೆ ನಾನು ಹೆದರುವುದಿಲ್ಲ. ನಿನ್ನ ಕಾಗದದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಓಟವಲ್ಲ, ಆ ಟವೆಲ್. ನಾಚಿಕೆಯಂತೆ! ನಾನು ಐದು ತಿಂಗಳು ಏರು ಹತ್ತಿ ಇಳಿದೆ, ನನ್ನ ಬೆವರು ಗಾಳಿಗೆ ಆರಿತು.

ಮುಂದಿನ ಭಾನುವಾರ ಅಮ್ಮನಿಗೆ ಹೇಳಿಯೇ ಬರುತ್ತೇನೆ. ಗೇಟಿನವನಿಗೆ ಒಳಗೆ ಬಿಡಲು ಹೇಳಿಡು. ನಿನ್ನ ಅಪ್ಪ ಕಣ್ಣು ಮುಚ್ಚುವುದಾದರೆ ನಾನು ಓಡುವಾಗಲೂ ಮುಚ್ಚಲಿ. ಎರಡು ಟವೆಲ್ ತರಲು ಹೇಳು.

ನೇತ್ರಾ